ಒಂದು ಸಿಗರೇಟ್ ಡಬ್ಬಿ ಅಕ್ಕಿ

12 ಜುಲೈ 2024, ಶುಕ್ರವಾರ
ಅಂಬಲಪಾಡಿ, ಉಡುಪಿ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಸಂಜೆ ಶ್ರಾವ್ಯ ಪುಸ್ತಕ ಹಿಡಿದುಕೊಂಡು ಬಂದಳು. ನಾಳೆ ಅರ್ಥಶಾಸ್ತ್ರದ ಟೆಸ್ಟಂತೆ. ಅರ್ಥಶಾಸ್ತ್ರ ಅಂದ್ರೆ ಏನು ಅಂತ ಮೂವರು ಅರ್ಥಶಾಸ್ತ್ರಜ್ಞರು ಕೊಟ್ಟ ವ್ಯಾಖ್ಯೆ: ಆಡಮ್ ಸ್ಮಿತ್ ಅಂದ್ರೆ ಸಂಪತ್ತು, ಮಾರ್ಷಲ್ ಅಂದ್ರೆ ಕ್ಷೇಮ, ರಾಬಿನ್ಸ್ ಅಂದ್ರೆ ಕೊರತೆ. ಬಾಯಿಪಾಠ ಒಪ್ಪಿಸಿದವಳು ತಟ್ಟನೆ ಕೇಳಿದಳು, "ಅತ್ತೆ, ಇವರಿಗೆಲ್ಲ ಬರೀ ದುಡ್ಡಿನದ್ದೇ ಚಿಂತೆಯಾ?"

ನನಗೆ ಸುಮ್ನೆ ಇರಲಿಕ್ಕೆ ಆಗಲಿಲ್ಲ. ಗ್ಲಾಸ್ಗೋದಲ್ಲಿ ಸ್ಮಿತ್ ಪಾಠ ಮಾಡುತ್ತಿದ್ದದ್ದು ನೀತಿಶಾಸ್ತ್ರ. ಸಂಪತ್ತಿನ ಪುಸ್ತಕ ಬಂದದ್ದು 1776ರಲ್ಲಿ. ಅದಕ್ಕೂ ಮೊದಲು, 1759ರಲ್ಲೇ, ನೀತಿಯ ಬಗ್ಗೆ ದೊಡ್ಡ ಪುಸ್ತಕ ಬರೆದಿದ್ದರು. ಮನುಷ್ಯ ಎಷ್ಟೇ ಸ್ವಾರ್ಥಿಯಾದರೂ ಇನ್ನೊಬ್ಬರ ಸುಖದುಃಖ ಅವನನ್ನು ತಟ್ಟುತ್ತದೆ ಅಂತಲೇ ಅದು ಶುರುವಾಗುತ್ತದೆ. ಇದನ್ನು ಬಿಟ್ಟು ಮಕ್ಕಳಿಗೆ ಒಂದು ಸಾಲಿನ ವ್ಯಾಖ್ಯೆ ಕೊಡುವುದು ಅನ್ಯಾಯ.

ಆಮೇಲೆ ನಮ್ಮ ದೇಶದ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ವಿಷಯ ಹೇಳಿದೆ. 1943, ಬಂಗಾಳದ ಬರಗಾಲ. ಶಾಂತಿನಿಕೇತನದ ಮನೆ ಬಾಗಿಲಿಗೆ ಹಸಿದವರು ಬರುತ್ತಿದ್ದರು. ಕೇಳಿದವರಿಗೆ ಒಂದು ಸಿಗರೇಟ್ ಡಬ್ಬಿ ಅಕ್ಕಿ ಕೊಡು ಅಂತ ಅಜ್ಜ ಆಗ ಹುಡುಗನಾಗಿದ್ದ ಸೇನ್‌ಗೆ ಹೇಳಿದ್ದರಂತೆ. ಮರುವರ್ಷ ಢಾಕಾದಲ್ಲಿ ಹಿಂದೂ-ಮುಸ್ಲಿಂ ಗಲಭೆ. ಕಾದರ್ ಮಿಯಾ ಎಂಬ ಕೂಲಿಯವರು ಚೂರಿ ಇರಿತದ ರಕ್ತದಲ್ಲೇ ಇವರ ಮನೆ ಗೇಟಿಗೆ ಬಂದರು, ನೀರು ಕೇಳಿದರು. ಗಲಭೆಯ ಕಡೆ ಹೋಗಬೇಡಿ ಅಂತ ಅವರ ಹೆಂಡತಿ ಹೇಳಿದ್ದರಂತೆ. ಮನೆಯಲ್ಲಿ ಉಣ್ಣಲಿಕ್ಕೆ ಇರಲಿಲ್ಲ, ಹಾಗಾಗಿ ಕೆಲಸ ಹುಡುಕಿ ಹೋದರು. ಆಸ್ಪತ್ರೆಯಲ್ಲಿ ತೀರಿಕೊಂಡರು.

ಶ್ರಾವ್ಯ ಪುಸ್ತಕ ಮುಚ್ಚಿದಳು.

1981ರಲ್ಲಿ ಸೇನ್ ಆ ಬರಗಾಲದ ಲೆಕ್ಕ ಬಿಡಿಸಿಟ್ಟರು. 1941ಕ್ಕಿಂತ 1943ರಲ್ಲಿ ಆಹಾರಧಾನ್ಯ ಜಾಸ್ತಿಯೇ ಇತ್ತು. ಅಕ್ಕಿ ರೇಟು ಏರಿತು, ಕೂಲಿ ಅದರ ಹಿಂದೆ ಏರಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯ ಕೂಲಿಯವರು, ಮೀನು ಹಿಡಿಯುವವರು.

"ಹಾಗಾದ್ರೆ ನಮ್ಮ ಬೇಬಿಯಕ್ಕನದ್ದೂ ಅದೇ ಅಲ್ವಾ ಅತ್ತೆ? ಅಂಗಡಿಯಲ್ಲಿ ಎಲ್ಲ ಉಂಟು. ಬೋಟು ನಿಂತಿದೆ, ಅವರ ಕೈಯಲ್ಲಿ ದುಡ್ಡಿಲ್ಲ."

ಎಷ್ಟು ಬೇಗ ಹಿಡಿದಳು! ಖುಷಿಯಾಯಿತು, ಹೊಟ್ಟೆಯೊಳಗೆ ಸಂಕಟವೂ ಆಯಿತು. ಜುಲೈ ಮುಗಿಯುವವರೆಗೆ ಮಲ್ಪೆಯ ಟ್ರಾಲ್ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಬೇಕೇ ಬೇಕು. ಆದರೆ ಬಂದರಿನಲ್ಲಿ ಮೀನು ವಿಂಗಡಿಸುವ ಬೇಬಿಯಕ್ಕನಂಥ ಹೆಂಗಸರು ಈ ಎರಡು ತಿಂಗಳು ಏನು ಮಾಡಬೇಕು? ಬೇಬಿಯಕ್ಕ ಕೇಳುವವರಲ್ಲ. ನಾವೇ ಹೋಗಿ ಕೊಟ್ಟರೂ ಬೇಡ ಅಂತಾರೆ.

ಪತ್ರಿಕೆಗಳಿಗೆ ಸ್ವಾತಂತ್ರ್ಯವಿದ್ದು ಚುನಾವಣೆ ನಡೆಯುವ ಕಡೆ ದೊಡ್ಡ ಬರಗಾಲ ಬರುವುದಿಲ್ಲ ಅಂತ ಸೇನ್ ಹೇಳುತ್ತಾರೆ. ಸಾವು ಸುದ್ದಿಯಾಗುತ್ತದೆ, ಸರ್ಕಾರ ಹೆದರುತ್ತದೆ. ದಿನಾ ಅರ್ಧ ಹೊಟ್ಟೆಗೆ ಉಣ್ಣುವವರದ್ದು ಸುದ್ದಿಯೇ ಆಗುವುದಿಲ್ಲವಲ್ಲ, ಅಲ್ಲಿ ಹೆದರಿಸುವವರು ಯಾರು? ನಾವೇ ಏನಾದರೂ ಮಾಡಬೇಕೋ ಏನೋ.