ಕೊನೆಯ ಪತ್ರ ಓದಿ ಅನ್ನುವವರಿಗೆ

ಜುಲೈ 26 ಹತ್ತಿರ ಬಂತೆಂದರೆ ನನಗೆ ಫೋನ್ ಬರಲು ಶುರುವಾಗುತ್ತದೆ. ಕಾರ್ಗಿಲ್ ವಿಜಯ ದಿವಸ, ನಿಮ್ಮಣ್ಣ ಯುದ್ಧದಿಂದ ಬರೆದ ಪತ್ರಗಳು ನಿಮ್ಮ ಹತ್ತಿರ ಇವೆಯಂತೆ, ನಮ್ಮ ಮಕ್ಕಳಿಗೆ ಒಂದು ಓದಿ ಹೇಳಿ. ಅದರ ಬೆನ್ನಿಗೇ ಕೇಳುತ್ತಾರೆ: “ಕೊನೆಯ ಪತ್ರದಲ್ಲಿ ಏನು ಬರೆದಿದ್ದರು ಮೇಡಂ?”

ಕೊನೆಯ ಪತ್ರ ಇಲ್ಲ. ನನ್ನಣ್ಣ ಬದುಕಿದ್ದಾನೆ.

ಇಷ್ಟು ಹೇಳಿದ ಕೂಡಲೇ ಆ ಕಡೆಯ ದನಿ ಇಳಿಯುತ್ತದೆ. “ಓ, ಹೌದಾ...” ಅನ್ನುತ್ತಾರೆ. ಒಬ್ಬರ ಮನೆಯ ಮಗ ಬದುಕಿ ಬಂದ ಸುದ್ದಿಗೆ ಹಾಗೆ ದನಿ ಇಳಿಸಬಾರದು. ಆ ಯುದ್ಧದಲ್ಲಿ ನಮ್ಮ 527 ಯೋಧರು ಹೋದರು. ಅವರ ಮನೆಗಳಲ್ಲಿ ‘ಕೊನೆಯ ಪತ್ರ’ ಅನ್ನುವ ಎರಡು ಪದಕ್ಕೆ ಎಂಥ ಭಾರವಿದೆ ಎಂದು ತಿಳಿದವರು ಅದನ್ನು ಕಾರ್ಯಕ್ರಮಪಟ್ಟಿಯಲ್ಲಿ ಅಚ್ಚು ಹಾಕಿಸುವುದಿಲ್ಲ.

ಇವರಿಗೆ ಬೇಕಾಗಿರುವುದು ಕ್ಯಾಪ್ಟನ್ ವಿಜಯಂತ್ ಥಾಪರ್ ಬರೆದಂಥ ಪತ್ರ ಎಂದು ನನಗೆ ಗೊತ್ತು. 2 ರಜಪೂತಾನಾ ರೈಫಲ್ಸ್‌ನ ಹುಡುಗ, 22 ವರ್ಷ. 1999ರ ಜೂನ್ ಕೊನೆಯಲ್ಲಿ ದ್ರಾಸ್‌ನ ನೋಲ್ ಶಿಖರದ ಮೇಲೆ ದಾಳಿಗೆ ಹೊರಡುವ ಮುಂಚೆ ಮನೆಗೆ ಪತ್ರ ಬರೆದಿಟ್ಟು ಹೋದ, ವಾಪಸ್ ಬರಲಿಲ್ಲ. ಈ ಪತ್ರ ನಿಮಗೆ ತಲುಪುವಾಗ ನಾನು ಆಕಾಶದಿಂದ ನಿಮ್ಮನ್ನು ನೋಡುತ್ತಿರುತ್ತೇನೆ ಅನ್ನುವ ಭಾಗವನ್ನು ಎಲ್ಲ ಶಾಲೆಗಳಲ್ಲೂ ಓದುತ್ತಾರೆ. ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಕಾಶ್ಮೀರದ ಕುಪ್ವಾರದ ಒಬ್ಬಳು ಪುಟ್ಟ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ ಎಂದು ಅಪ್ಪ ಅಮ್ಮನಿಗೆ ಹೇಳಿದ್ದಾನೆ. ಸಾವು ಎದುರಿಗೆ ನಿಂತಿರುವಾಗ ತಿಂಗಳ ಲೆಕ್ಕ ನೆನಪಿಟ್ಟ ಆ ಹುಡುಗನನ್ನು ನೆನೆದರೆ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. ವೇದಿಕೆ ಮೇಲೆ ಆ ಸಾಲನ್ನು ಬಿಟ್ಟು ಓದುತ್ತಾರೆ.

ನನ್ನಣ್ಣನ ಹನ್ನೊಂದು ಪತ್ರಗಳಲ್ಲಿ ಇರುವುದೆಲ್ಲ ಆ 50 ರೂಪಾಯಿಯಂಥ ಮಾತುಗಳೇ. ಅವನು ಆಗ ತೋಪಿನ ದಳದಲ್ಲಿ ಕ್ಯಾಪ್ಟನ್. ನಾವು ಮಲೆನಾಡಿನವರು, ಅಡಿಕೆ ತೋಟ. ಜೂನ್ 13ಕ್ಕೆ ತೊಲೊಲಿಂಗ್ ಶಿಖರ ನಮ್ಮ ಕೈಗೆ ಬಂತು ಎಂದು ಟಿವಿಯಲ್ಲಿ ಹೇಳಿದರು. ಬೋಫೋರ್ಸ್ ತೋಪು ಗುಡುಗುವುದನ್ನು ತೋರಿಸಿದಾಗಲೆಲ್ಲ ಅಮ್ಮ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕಲು ಏಳುತ್ತಿದ್ದಳು. ಜೂನ್ 14ರ ತಾರೀಖಿನ ಅವನ ಇನ್‌ಲ್ಯಾಂಡ್ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. “ಚಳಿ ಸ್ವಲ್ಪ ಹೆಚ್ಚು. ಊಟಕ್ಕೆ ತೊಂದರೆ ಇಲ್ಲ. ಕೊನೆಗೌಡ ಬಂದನಾ? ಮೊದಲನೇ ಔಷಧಿ ಹೊಡೆದಾಯಿತಾ?” ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವವನು, ಔಷಧಿ ಮಳೆಗಾಲದ ಕೊಳೆರೋಗಕ್ಕೆ. ಊರಿನ ಹೆಸರು ಬರೆಯುವಂತಿಲ್ಲ. ವಿಳಾಸ ಅಂದರೆ ಸೇನೆಯ ಅಂಚೆ ಕಚೇರಿಯ ಹೆಸರು, 56 ಎಪಿಒ ಅಷ್ಟೇ, ಲಡಾಖಿನಲ್ಲಿದ್ದರೂ ರಾಜಸ್ಥಾನದಲ್ಲಿದ್ದರೂ ಅದೇ.

ಮೂರು ವರ್ಷದ ಹಿಂದೆ ಒಂದು ಶಾಲೆಯವರು ಬಹಳ ಒತ್ತಾಯ ಮಾಡಿದರು ಎಂದು ಪತ್ರಗಳನ್ನು ತೆಗೆದುಕೊಂಡು ಹೋಗಿದ್ದೆ. ನಿರೂಪಣೆ ಮಾಡುತ್ತಿದ್ದವರು ಮೈಕಿನ ಮುಂದೆಯೇ ಜುಲೈ 6ರ ಪತ್ರ ಬಿಡಿಸಿದರು. “ಎರಡನೇ ಸಲದ ಔಷಧಿಗೆ ಮಳೆ ಬಿಟ್ಟ ದಿನ ನೋಡು. ಮೈಲುತುತ್ತ, ಸುಣ್ಣ ಎರಡೂ ಸರಿಯಾಗಿ ತೂಗಿಸು. ನೀನೇ ನಿಂತು ಹೊಡೆಸು.” ಓದಿ ನಕ್ಕರು. “ಇದು ಬರೀ ತೋಟದ ವಿಷಯ, ಯುದ್ಧದ್ದು ಯಾವುದಾದರೂ ಇದ್ದರೆ ಕೊಡಿ” ಅಂದರು. ನಾನು ಪತ್ರ ಇಸಿದುಕೊಂಡು ಕೆಳಗಿಳಿದು ಬಂದೆ. ಅವತ್ತಿನಿಂದ ಎಲ್ಲಿಗೂ ಹೋಗಿಲ್ಲ.

ಅವನು ಏನು ಬರೆದ ಎಂದು ಎಲ್ಲರೂ ಕೇಳುತ್ತಾರೆ. ನೀವು ಮನೆಯವರು ಏನು ಬರೆದಿರಿ ಎಂದು ಈ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ನಾವು ಸುಳ್ಳು ಬರೆದೆವು. ಜೂನ್ ಎರಡನೇ ವಾರ ಅಪ್ಪಯ್ಯನಿಗೆ ಎದೆನೋವು ಬಂದು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಅಮ್ಮ ಅಲ್ಲೇ ಕಾರಿಡಾರಿನ ಬೆಂಚಿನ ಮೇಲೆ ಕೂತು ಹೇಳಿದಳು, ನಾನು ಬರೆದೆ: ಇತ್ತ ಎಲ್ಲರೂ ಕ್ಷೇಮ, ಅಪ್ಪಯ್ಯ ತೋಟಕ್ಕೆ ಹೋಗಿದ್ದಾರೆ. “ಅವರ ಕೈಯಲ್ಲಿ ಎರಡು ಸಾಲು ಇಲ್ಲದಿದ್ದರೆ ಮಾಣಿಗೆ ಅನುಮಾನ ಬರುತ್ತದೆ, ನೀನೇ ಹಾಕು” ಅಂದಳು. ಅಪ್ಪಯ್ಯನ ಅಕ್ಷರ ನನಗೆ ಚೆನ್ನಾಗಿ ಬರುತ್ತಿತ್ತು. ಬಲಕ್ಕೆ ವಾಲುವ ಗೀಟು, ತಲೆಕಟ್ಟು ಉದ್ದ. ಎರಡು ಸಾಲು ಆಶೀರ್ವಾದ ಬರೆದು, ಅವರ ಹಾಗೇ ರುಜು ಹಾಕಿ ಅಂಟಿಸಿದೆ. ಇಪ್ಪತ್ತೆರಡು ವರ್ಷದ ನನಗೆ ಅದು ತಪ್ಪು ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಬಂಕರಿನಲ್ಲಿ ಕೂತವನಿಗೆ ಆಸ್ಪತ್ರೆಯ ಸುದ್ದಿ ಕೊಟ್ಟು ಏನು ಮಾಡಿಸಬೇಕಿತ್ತು?

ಅಪ್ಪಯ್ಯ ಹುಷಾರಾದರು. ಅಣ್ಣ ದೀಪಾವಳಿಗೆ ರಜೆಯಲ್ಲಿ ಬಂದ. ಊಟದ ಮನೆಯಲ್ಲಿ ನಾನೊಬ್ಬಳೇ ಇದ್ದಾಗ ತನ್ನ ಚೀಲದಿಂದ ನಮ್ಮ ಪತ್ರ ತೆಗೆದು ನನ್ನ ಮುಂದೆ ಹಿಡಿದ. ಮಡಿಕೆಗಳು ಸವೆದು ಕಾಗದ ಬಟ್ಟೆಯ ಹಾಗೆ ಮೆತ್ತಗಾಗಿತ್ತು. “ಅಪ್ಪಯ್ಯ ಯಾವತ್ತಾದರೂ ಮೇಲೆ ‘ಶ್ರೀ’ ಬರೆಯದೆ ಎರಡು ಅಕ್ಷರ ಬರೆದದ್ದುಂಟಾ ಪುಟ್ಟೀ?” ಅಂದ.

ಗೊತ್ತಾಗಿತ್ತು ಅವನಿಗೆ. ಅಲ್ಲೇ, ಆ ಗುಡ್ಡದ ಬುಡದಲ್ಲಿ. ಆದರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾವು ಇನ್ನೊಂದು ಸುಳ್ಳು ಬರೆಯಬೇಕಾಗುತ್ತಿತ್ತು.

ಅವನು ರಜೆ ಮುಗಿಸಿ ಹೋದ ಮೇಲೆ ಹನ್ನೊಂದನ್ನೂ ತಾರೀಖಿನ ಪ್ರಕಾರ ಜೋಡಿಸಿ ಓದಿದೆ. ಜೂನ್‌ವರೆಗಿನ ಪತ್ರಗಳಲ್ಲಿ ಪ್ರತಿ ಸಲ “ಔಷಧಿ ಹೊಡೆಸಲು ಅಪ್ಪಯ್ಯನಿಗೆ ಹೇಳು” ಎಂದಿದೆ. ಜುಲೈ 6ರದ್ದರಲ್ಲಿ ಅಪ್ಪಯ್ಯನ ಹೆಸರೇ ಇಲ್ಲ. ನೀನೇ ನಿಂತು ಹೊಡೆಸು ಎಂದಿದೆ.