ಮಾವನವರು ಕೂರುವ ಕಾರು

ಮುಲುಂಡ್, ಮುಂಬಯಿ
ಭಾನುವಾರ, 9 ನವೆಂಬರ್ 2025

ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದಾಗಿನಿಂದ ನೆಂಟರಿಷ್ಟರೆಲ್ಲ ಕೇಳುವುದು ಒಂದೇ: ‘ಯಾವ ಕಾರು ನೋಡಿದ್ದೀರಿ?’ ಅದರಲ್ಲಿ ಯಾರು ಕೂರುತ್ತಾರೆ, ಎಲ್ಲಿಗೆ ಹೋಗಿಬರುತ್ತಾರೆ, ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದು ಕೇಳಿದವರು ಒಬ್ಬರೂ ಇಲ್ಲ. ನನ್ನ ಮಟ್ಟಿಗೆ ಇವಕ್ಕೆ ಉತ್ತರ ಸಿಗುವ ತನಕ ಶೋರೂಮಿನ ಮೆಟ್ಟಿಲು ಹತ್ತುವುದೇ ವ್ಯರ್ಥ. ಇವತ್ತು ದಿನವಿಡೀ ತಿರುಗಿ ಬಂದ ಮೇಲೆ ಈ ಅಭಿಪ್ರಾಯ ಇನ್ನಷ್ಟು ಗಟ್ಟಿಯಾಗಿದೆ. ಮನೆಯಲ್ಲಿ ವಯಸ್ಸಾದವರು ಇರುವ ಯಾರಿಗಾದರೂ ಉಪಯೋಗಕ್ಕೆ ಬಂದೀತು ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಕೂರುವವರು ಮಾವನವರು. ಅವರಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಮ್ಮೆ ಯಂತ್ರಕ್ಕೆ ಜೋಡಿಸಿದರೆ ಸುಮಾರು ನಾಲ್ಕು ಗಂಟೆ. ಹೋಗುವಾಗ ಗೆಲುವಾಗಿಯೇ ಇರುತ್ತಾರೆ. ಬರುವಾಗ ರಕ್ತದೊತ್ತಡ ಇಳಿದು ಕಾಲು ಸೋತಿರುತ್ತದೆ. ಆ ಹೊತ್ತಿನಲ್ಲಿ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮೊಬೈಲಿನಿಂದ ಟ್ಯಾಕ್ಸಿ ಕರೆದರೆ, ಹತ್ತಿರದ ಬಾಡಿಗೆ ಎಂದು ತಿಳಿದ ಕೂಡಲೇ ಚಾಲಕರು ರದ್ದು ಮಾಡುತ್ತಾರೆ. ರಿಕ್ಷಾ ಸಿಕ್ಕಿತು ಎಂದರೆ ಎಲ್‌ಬಿಎಸ್ ಮಾರ್ಗದ ಹೊಂಡಗಳೆಲ್ಲ ಅವರ ಬೆನ್ನಿಗೆ. ನಾನೂ ನಮ್ಮವರೂ ಕಚೇರಿಗೆ ಹೋಗುವುದು ಲೋಕಲ್ ರೈಲಿನಲ್ಲಿ. ಡಯಾಲಿಸಿಸ್ ಇರುವ ದಿನ ನನಗೆ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಇದೆ, ಕಾರು ಓಡಿಸುವವಳೂ ನಾನೇ. ಆ ಓಡಾಟವನ್ನು ಬಿಟ್ಟರೆ ಕಾರಿಗೆ ಬೇರೆ ಕೆಲಸವಿಲ್ಲ.

ಪುಣೆಯ ಭಾವನವರು ನಿನ್ನೆ ರಾತ್ರಿಯೂ ಫೋನ್ ಮಾಡಿ, ‘ಊರಿಗೆ ಹೋಗುವಾಗ ದೊಡ್ಡ ಗಾಡಿ ಬೇಡವೇನಮ್ಮಾ? ಎಸ್‌ಯುವಿಯನ್ನೇ ತೆಗೆದುಕೊಳ್ಳಿ’ ಎಂದರು. ಅವರ ಕಾಳಜಿ ನಿಜವಾದದ್ದೇ. ಆದರೆ ನಮ್ಮ ಊರು ಕುಮಟಾ. ಕುರ್ಲಾದ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವುದರೊಳಗೆ ಇಳಿಸುತ್ತದೆ. ಅಲ್ಲಿ ಎರಡು ದಿನಕ್ಕೆ ಬಾಡಿಗೆ ಕಾರು ಸಿಗುತ್ತದೆ. ವರ್ಷಕ್ಕೆ ಒಂದೆರಡು ಬಾರಿಯ ಪ್ರಯಾಣಕ್ಕಾಗಿ ಉಳಿದ ದಿನಗಳೆಲ್ಲ ಮಾವನವರು ಎತ್ತರದ ಗಾಡಿಗೆ ಏಣಿ ಹತ್ತಿದಂತೆ ಹತ್ತಬೇಕೇ? ಕಾರು ಕೊಳ್ಳುವಾಗ ಜನ ಸೋಲುವುದು ಬಹುಪಾಲು ಇಲ್ಲೇ. ಅಪರೂಪದ ದಿನವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುತ್ತಾರೆ, ದಿನನಿತ್ಯ ಅದರ ಕಷ್ಟ ಅನುಭವಿಸುತ್ತಾರೆ.

ಹಾಗಾಗಿ ನಮ್ಮ ಹುಡುಕಾಟ ಶುರುವಾದದ್ದು ಸೀಟಿನಿಂದ. ಮಾವನವರ ಎಡಗೈಯಲ್ಲಿ ಫಿಸ್ಟುಲಾ ಇದೆ, ಡಯಾಲಿಸಿಸ್ ಸೂಜಿ ಚುಚ್ಚುವ ಕೈ. ಅದರ ಮೇಲೆ ಭಾರ ಬೀಳಬಾರದು ಎಂದು ವೈದ್ಯರ ಕಟ್ಟಪ್ಪಣೆ. ಅವರು ಕಾರಿಗೆ ಬೆನ್ನು ಮಾಡಿ ನಿಂತು, ಮೊದಲು ಸೀಟಿನ ಅಂಚಿನಲ್ಲಿ ಕುಳಿತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ಎತ್ತಿಟ್ಟುಕೊಳ್ಳುತ್ತಾರೆ. ಮುಂದಿನ ಎಡ ಸೀಟಾದರೆ ತೆರೆದ ಬಾಗಿಲು ಅವರ ಬಲಗೈಯ ಕಡೆಗೆ ಬರುತ್ತದೆ, ಅದನ್ನು ಹಿಡಿದು ಇಳಿದು ಕೂರಬಹುದು. ಹಾಗಾಗಿ ಬಾಗಿಲನ್ನೂ ಪರೀಕ್ಷಿಸಬೇಕಾಯಿತು. ಕೆಲವು ಕಾರುಗಳ ಬಾಗಿಲು ಅರ್ಧ ತೆರೆದಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲ, ಕೈಯೂರಿದ ಕೂಡಲೇ ಸರಿಯುತ್ತದೆ. ರಸ್ತೆ ಸ್ವಲ್ಪ ಇಳಿಜಾರಾಗಿದ್ದರೆ ತಾನಾಗಿಯೇ ಮುಚ್ಚಿಕೊಳ್ಳಲು ಬರುತ್ತದೆ. ಸೀಟಿನ ಎತ್ತರದ ವಿಷಯವೂ ಹಾಗೆಯೇ. ಸೆಡಾನ್‌ಗಳಲ್ಲಿ ಅವರು ಕುಸಿದಂತೆ ಕುಳಿತರು. ಏಳಲು ನಮ್ಮವರು ಕಂಕುಳಿಗೆ ಕೈ ಕೊಡಬೇಕಾಯಿತು. ಎಸ್‌ಯುವಿಗಳಲ್ಲಿ ಕಾಲ್ಬೆರಳ ಮೇಲೆ ನಿಲ್ಲಬೇಕಾಯಿತು. ಸೀಟಿನ ಅಂಚು ಮೊಣಕಾಲಿಗಿಂತ ತುಸುವೇ ಮೇಲಿದ್ದ ಕಾರಿನಲ್ಲಿ ಮಾತ್ರ ಯಾರ ನೆರವೂ ಇಲ್ಲದೆ ಕುಳಿತು, ಎದ್ದು, ಮತ್ತೊಮ್ಮೆ ಕುಳಿತು ತೋರಿಸಿದರು. ‘ಇದು ಕುರ್ಚಿಯ ಹಾಗೇ ಇದೆಯಲ್ಲಮ್ಮಾ’ ಎಂದರು. ಅದು ವ್ಯಾಗನ್ ಆರ್. ಇಗ್ನಿಸ್ ಕೂಡ ಅವರಿಗೆ ಹಿಡಿಸಿತು. ವಯಸ್ಸಾದವರಿಗೆ ಕಾರು ನೋಡುವವರಿಗೆ ನನ್ನ ಬಿನ್ನಹ ಇದೊಂದೇ: ಅವರನ್ನು ಕರೆದುಕೊಂಡು ಹೋಗಿ, ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಲು ಹೇಳಿ, ಅವಸರ ಮಾಡದೆ ಕೂರಿಸಿ, ಇಳಿಸಿ. ಟಚ್‌ಸ್ಕ್ರೀನ್, ಸನ್‌ರೂಫ್‌ಗಳ ವಿವರಣೆಯನ್ನು ಆಮೇಲೆ ಕೇಳಬಹುದು.

ಅಲ್ಲಿಗೆ ಮುಗಿಯಿತು ಎನ್ನುವಷ್ಟರಲ್ಲಿ ಪಾರ್ಕಿಂಗ್‌ನ ಪ್ರಶ್ನೆ ಎದ್ದಿತು. ಮುಂಬಯಿಯ ಹೊಸ ಕಟ್ಟಡಗಳಲ್ಲಿ ಇರುವಂತೆ ನಮ್ಮಲ್ಲಿಯೂ ಯಂತ್ರದ ಪಾರ್ಕಿಂಗ್. ಒಂದು ಕಾರಿನ ಮೇಲೆ ಇನ್ನೊಂದು. ನಮಗೆ ಸಿಕ್ಕಿರುವ ಜಾಗ ಕೆಳಗಿನ ಅಂತಸ್ತು. ಅಲ್ಲಿ ಹಾಕಿರುವ ಫಲಕದಲ್ಲಿ ಎತ್ತರದ ಮಿತಿ 1550 ಮಿಲಿಮೀಟರ್ ಎಂದು ಬರೆದಿದೆ. ವ್ಯಾಗನ್ ಆರ್ ಎತ್ತರ 1675. ಒಳಗೆ ಹೋಗುವ ಮಾತೇ ಇಲ್ಲ. ಬಲೆನೊ 1500, ಐ20 1505; ಅವು ಸಲೀಸಾಗಿ ಹೋಗುತ್ತವೆ, ಆದರೆ ಅವುಗಳ ಸೀಟು ಮಾವನವರಿಗೆ ತಗ್ಗು. ಅವರ ಮೊಣಕಾಲು ಒಂದು ಕಡೆ, ಪಾರ್ಕಿಂಗ್ ಯಂತ್ರದ ಕಬ್ಬಿಣದ ತೊಲೆ ಇನ್ನೊಂದು ಕಡೆ! ಎಷ್ಟೋ ಮನೆಗಳಲ್ಲಿ ಮುಂಗಡ ಕೊಟ್ಟ ಮೇಲೆ ಈ ಅಳತೆ ನೆನಪಾಗುತ್ತದೆ. ಆಮೇಲೆ ಹೊಸ ಕಾರು ರಸ್ತೆಯ ಬದಿಯಲ್ಲಿ ಗೀರು ತಿನ್ನುತ್ತಾ ನಿಲ್ಲುತ್ತದೆ.

ನಮ್ಮ ಮಹಡಿಯ ಗುಜರಾತಿ ದಂಪತಿಗೆ ನೆಲಮಟ್ಟದಲ್ಲಿ ತೆರೆದ ಜಾಗವಿದೆ, ಅವರದು ಸೆಡಾನ್, ಎತ್ತರ ಕಡಿಮೆ, ನಮ್ಮ ಕೆಳಗಿನ ಅಂತಸ್ತಿನಲ್ಲಿ ಹಿಡಿಸುತ್ತದೆ. ಇಂದು ಬೆಳಿಗ್ಗೆ ಚಹಾಕ್ಕೆ ಕರೆದು ವಿಷಯ ಹೇಳಿದೆ. ನನ್ನ ಮಾತು ಮುಗಿಯುವ ಮೊದಲೇ ಆ ಹೆಂಗಸು, ‘ಅಂಕಲ್‌ಗಾಗಿ ತಾನೇ, ನೀವು ಇಟ್ಟುಕೊಳ್ಳಿ’ ಎಂದು ಹಿಂದಿಯಲ್ಲಿ ಹೇಳಿ ಗಂಡನ ಕಡೆ ನೋಡಿದರು. ಆತನೂ ತಲೆಯಾಡಿಸಿದರು. ಬಾಯಿಮಾತಿನಲ್ಲಿ ಉಳಿಯಬಾರದೆಂದು ಇಬ್ಬರೂ ಸಹಿ ಮಾಡಿದ ಅದಲು ಬದಲಿನ ಪತ್ರವನ್ನು ಕಟ್ಟಡದ ಸೊಸೈಟಿ ಕಮಿಟಿಗೆ ಕೊಡುವುದೆಂದು ಮಾತಾಯಿತು. ಈ ಊರಿನಲ್ಲಿ ಪಾರ್ಕಿಂಗ್ ಜಾಗ ಬಿಟ್ಟುಕೊಡುವುದೆಂದರೆ ಏನೆಂದು ಇಲ್ಲಿ ಬಾಳಿದವರಿಗೆ ಗೊತ್ತು. ಅವರ ಋಣವನ್ನು ಮರೆಯಲಾರೆ.

ಇಂಧನದ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಡಯಾಲಿಸಿಸ್ ನಂತರ ಕೆಲವೊಮ್ಮೆ ಗಾಲಿಕುರ್ಚಿ ಬೇಕೇ ಬೇಕು. ಅದು ಮಡಚಿ ಡಿಕ್ಕಿಯಲ್ಲಿ ಕೂರಬೇಕು. ನಾವು ನೋಡಿದ ಸಿಎನ್‌ಜಿ ಕಾರಿನಲ್ಲಿ ಸಿಲಿಂಡರೇ ಆ ಜಾಗವನ್ನು ನುಂಗಿತ್ತು. ಖರ್ಚು ಕಡಿಮೆಯೆಂಬುದು ನಿಜ, ಆದರೆ ನಮ್ಮಷ್ಟು ಕಡಿಮೆ ಓಡಿಸುವವರಿಗೆ ಆ ಉಳಿತಾಯ ಕೈಗೆ ಹತ್ತುವಂಥದ್ದಲ್ಲ. ಡೀಸೆಲ್ ಅಂತೂ ಬೇಡವೇ ಬೇಡ. ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಜಾಲರಿ ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದಾಗ ಅದು ಬಿಸಿಯಾಗಿ ಆ ಮಸಿ ಸುಟ್ಟುಹೋಗುತ್ತದೆ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ ಎಂದು ತೆವಳುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ಗೇರಿನ ವಿಷಯದಲ್ಲಿ ನಮ್ಮವರಿಗೆ ಆಟೊಮ್ಯಾಟಿಕ್ ಮೇಲೆ ಮನಸ್ಸಿತ್ತು. ನಮ್ಮ ಬೆಲೆಯಲ್ಲಿ, ಈ ಎತ್ತರದ ಕಾರುಗಳಲ್ಲಿ ಸಿಗುವುದು ಎಎಂಟಿ, ಅಂದರೆ ಮ್ಯಾನುವಲ್ ಗೇರನ್ನೇ ಯಂತ್ರ ಬದಲಿಸುವ ಬಗೆ; ನಿಧಾನದ ಟ್ರಾಫಿಕ್‌ನಲ್ಲಿ ಗೇರು ಬದಲಾದಾಗಲೆಲ್ಲ ಅದು ತುಸು ಮುಗ್ಗರಿಸುತ್ತದೆ. ನಮಗೆ ಅದು ದೊಡ್ಡದಲ್ಲ, ಹೊಟ್ಟೆ ತೊಳೆಸುತ್ತಿರುವವರಿಗೆ ದೊಡ್ಡದೇ. ನನಗೆ ಕ್ಲಚ್ ಚೆನ್ನಾಗಿ ಒಗ್ಗಿದೆ. ಪೆಟ್ರೋಲ್, ಮ್ಯಾನುವಲ್ ಎಂದು ತೀರ್ಮಾನವಾಯಿತು.

ಇನ್ನು ಹೊಸದೋ ಹಳೆಯದೋ ಎಂಬುದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ನಾಲ್ಕು ಮೀಟರ್ ಉದ್ದದ ಒಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರುಗಳೆಲ್ಲ ಇದರಲ್ಲಿ ಬರುತ್ತವೆ. ಹಳೆಯ ಕಾರು ಮಾರುವವರಲ್ಲಿ ಹಲವರು ಇನ್ನೂ ಇಳಿಕೆಗೆ ಮೊದಲಿನ ಲೆಕ್ಕದಲ್ಲೇ ಬೆಲೆ ಹೇಳುತ್ತಿದ್ದಾರೆ. ಅದೇ ಕಾರಿನ ಇಂದಿನ ಹೊಸ ಬೆಲೆಯನ್ನು ಪಕ್ಕದಲ್ಲಿಟ್ಟುಕೊಂಡೇ ಮಾತಿಗೆ ಕೂರಬೇಕು. ಆದರೂ ನನ್ನ ಒಲವು ಎರಡು ಮೂರು ವರ್ಷ ಓಡಿದ ಕಾರಿನ ಕಡೆಗೇ. ವಿಮೆಯವರು ಲೆಕ್ಕ ಹಾಕುವ ಸವಕಳಿಯನ್ನೇ ನೋಡಿ: ಮೊದಲ ವರ್ಷ ತುಂಬುವಷ್ಟರಲ್ಲಿ ಶೇ 15, ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ನಾಲ್ಕು ದಾಟಿದರೆ ಶೇ 50. ಹೆಚ್ಚು ಓಡದ ಕಾರಿಗೆ ಈ ಮೊದಲ ಇಳಿತದ ಭಾರವನ್ನು ನಾವೇಕೆ ಹೊರಬೇಕು? ಆ ಹಣ ಚಿಕಿತ್ಸೆಗೆ ಆಗುತ್ತದೆ. ಆದರೆ ತೀರಾ ಹಳೆಯದೂ ಬೇಡ. ಮಾವನವರು ಮುಂದಿನ ಎಡ ಸೀಟಿನಲ್ಲಿ ಕೂರುವುದರಿಂದ ಆ ಸೀಟಿಗೂ ಏರ್‌ಬ್ಯಾಗ್ ಇರಲೇಬೇಕು. 2022ರಿಂದ ತಯಾರಾದ ಎಲ್ಲ ಕಾರುಗಳಲ್ಲೂ ಅದು ಕಡ್ಡಾಯ. ಅದಕ್ಕೆ ಮೊದಲಿನ ಕಡಿಮೆ ಬೆಲೆಯ ಮಾದರಿಗಳಲ್ಲಿ ಚಾಲಕರಿಗೆ ಮಾತ್ರ ಇರುತ್ತಿತ್ತು. 2023ರ ಏಪ್ರಿಲ್ ನಂತರದ್ದಾದರೆ ಈಗ ಬಂಕುಗಳಲ್ಲಿ ಸಿಗುವ, ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ ಹೊಂದುವಂತೆ ತಯಾರಾಗಿರುತ್ತದೆ ಎಂಬ ನೆಮ್ಮದಿಯೂ ಇದೆ.

ಇಷ್ಟನ್ನು ಕಾಗದದಲ್ಲಿ ಬರೆದುಕೊಂಡು, ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಇವತ್ತು ಠಾಣೆಗೆ ಹೋದೆವು.

ಮೊದಲಿನದು ವ್ಯಾಪಾರಿಯ ಬಳಿ ಇದ್ದ ಕಾರು. ಹೊರಗಿನಿಂದ ಕನ್ನಡಿಯಂತೆ ಹೊಳೆಯುತ್ತಿತ್ತು, ಒಳಗೆ ಸುಗಂಧದ ಘಾಟು. ಮೆಕ್ಯಾನಿಕ್ ಎಂಜಿನ್ ಕಡೆ ಹೋಗಲೇ ಇಲ್ಲ. ಹಿಂದಿನ ಸೀಟಿನ ಬೆಲ್ಟನ್ನು ಹಿಡಿದು ನಿಧಾನವಾಗಿ ಪೂರ್ತಿ ಎಳೆದರು. ಕೊನೆಯ ಗೇಣಿನಷ್ಟು ಪಟ್ಟಿಯ ಮೇಲೆ ಅಡ್ಡಲಾಗಿ ಒಂದು ಕಂದು ಗೆರೆ. ಕೆಳಗೆ ಬಗ್ಗಿ ಸೀಟು ಜಾರುವ ಹಳಿಯ ಬೋಲ್ಟುಗಳನ್ನು ತೋರಿಸಿದರು, ತುಕ್ಕು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಗುಂಡಿಯ ಮೂಲೆಯಲ್ಲಿ ಒಣಗಿದ ನಯವಾದ ಮಣ್ಣು. ಬೆರಳಿನಿಂದ ಉಜ್ಜಿದೆ, ಪೌಡರಿನಂತೆ ಉದುರಿತು. ನೀರಿನಲ್ಲಿ ಮುಳುಗಿ ಎದ್ದ ಕಾರು. ವ್ಯಾಪಾರಿ ‘ಧೂಳು’ ಎಂದರು. ವಿಮೆಯ ಪತ್ರ ಕೇಳಿದೆ. ಅಪಘಾತವಿಲ್ಲ, ಕ್ಲೇಮ್ ಇಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದರೂ ನೋ ಕ್ಲೇಮ್ ಬೋನಸ್ ಎಂಬಲ್ಲಿ ಸೊನ್ನೆ ಇತ್ತು. ಕ್ಲೇಮ್ ಮಾಡದ ಮಾಲೀಕರಿಗೆ ವಿಮೆಯ ಕಂತಿನಲ್ಲಿ ಸಿಗುವ ಈ ರಿಯಾಯಿತಿ ಮೊದಲ ವರ್ಷದ ನಂತರ ಶೇ 20ರಿಂದ ಏರುತ್ತಾ ಐದು ವರ್ಷಕ್ಕೆ ಶೇ 50 ಆಗುತ್ತದೆ. ಒಬ್ಬರೇ ಮಾಲೀಕರಿದ್ದ ಕಾರಿನಲ್ಲಿ ಸೊನ್ನೆ ಕಂಡರೆ ಕಾರಣ ಕೇಳಲೇಬೇಕು. ನಾವು ಕಾರಣ ಕೇಳುವ ಗೋಜಿಗೂ ಹೋಗದೆ ಹೊರಬಂದೆವು.

ನನಗೆ ಕೋಪ ಬಂದದ್ದು ಸುಳ್ಳಿಗಿಂತ ಹೆಚ್ಚಾಗಿ ಅದರ ಪರಿಣಾಮಕ್ಕೆ. ನೀರು ಹೊಕ್ಕ ಕಾರಿನ ವೈರಿಂಗ್ ಯಾವಾಗ ಕೈಕೊಡುತ್ತದೆ ಎಂದು ಯಾರೂ ಹೇಳಲಾರರು. ಏರ್‌ಬ್ಯಾಗ್‌ನ ಕನೆಕ್ಟರುಗಳು ಎಷ್ಟೋ ಕಾರುಗಳಲ್ಲಿ ಸೀಟಿನ ಅಡಿಯಲ್ಲೇ ಇರುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯೊಳಗೆ 944 ಮಿಲಿಮೀಟರ್ ಮಳೆ ಸುರಿದ ಊರು ಇದು. ಪ್ರತಿ ಮಳೆಗಾಲದಲ್ಲೂ ತಗ್ಗಿನ ಪಾರ್ಕಿಂಗ್‌ಗಳಿಗೆ ನೀರು ನುಗ್ಗುತ್ತದೆ, ದೀಪಾವಳಿಯ ಹೊತ್ತಿಗೆ ಅಲ್ಲಿನ ಕಾರುಗಳು ಪಾಲಿಶ್ ಆಗಿ ಮಾರಾಟಕ್ಕೆ ಬರುತ್ತವೆ. ಇಲ್ಲಿ ಹಳೆಯ ಕಾರು ನೋಡುವವರು ಎಂಜಿನ್‌ಗಿಂತ ಮೊದಲು ಸೀಟ್ ಬೆಲ್ಟ್ ಎಳೆಯಬೇಕು.

ಎರಡನೆಯದು ನಿವೃತ್ತ ಶಿಕ್ಷಕಿಯೊಬ್ಬರ ವ್ಯಾಗನ್ ಆರ್. 2023ರ ಜೂನ್‌ನಲ್ಲಿ ನೋಂದಣಿ, ಠಾಣೆಯ ಎಂಎಚ್ 04. ಮಗನ ಬಳಿ ಹೋಗಿ ಇರುವವರಿದ್ದಾರೆ, ಅದಕ್ಕೇ ಮಾರಾಟ. ನಾವು ಬರುವ ಮೊದಲು ಎಂಜಿನ್ ಚಾಲೂ ಮಾಡಬೇಡಿ ಎಂದು ಫೋನಿನಲ್ಲಿ ಕೇಳಿಕೊಂಡಿದ್ದೆ. ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಹತ್ತಿಕೊಂಡಿತು, ಹೊಗೆಯಿಲ್ಲ. ಟೈರಿನ ಬದಿಯಲ್ಲಿ ಕೊನೆಯ ನಾಲ್ಕು ಅಂಕಿ 1823, ಅಂದರೆ 2023ರ 18ನೇ ವಾರ ತಯಾರಾದದ್ದು. ನಾಲ್ಕೂ ಒಂದೇ ಕಾಲದವು, ಕಾರಿನ ವಯಸ್ಸಿಗೆ ಸರಿಹೋಗುತ್ತವೆ. ಬಾಗಿಲ ಅಂಚಿನ ರಬ್ಬರ್ ಬಿಡಿಸಿ ನೋಡಿದರೆ ಕಾರ್ಖಾನೆಯ ವೆಲ್ಡಿಂಗ್ ಚುಕ್ಕಿಗಳು ಸಾಲಾಗಿವೆ. ಬಾನೆಟ್ ಬೋಲ್ಟಿನ ಮೇಲೆ ಸ್ಪ್ಯಾನರಿನ ಗುರುತಿಲ್ಲ, ಅಂದರೆ ಅಪಘಾತವಾಗಿ ಬಿಚ್ಚಿ ಜೋಡಿಸಿದ ಲಕ್ಷಣವಿಲ್ಲ. ಅವರು ಸರ್ವಿಸ್ ಬಿಲ್ಲುಗಳನ್ನೆಲ್ಲ ದಿನಾಂಕದ ಪ್ರಕಾರ ಫೈಲ್ ಮಾಡಿಟ್ಟಿದ್ದಾರೆ, ಮೀಟರಿನ ಅಂಕಿ ಬಿಲ್ಲಿನಿಂದ ಬಿಲ್ಲಿಗೆ ಸಹಜವಾಗಿ ಏರಿದೆ. ಬ್ಯಾಟರಿ ಸೋತಿದೆ, ಬದಲಿಸಬೇಕು ಎಂದರು ಮೆಕ್ಯಾನಿಕ್. ಆಕೆ ತಕರಾರಿಲ್ಲದೆ ಅಷ್ಟನ್ನು ಬೆಲೆಯಲ್ಲಿ ಕಳೆದರು. ಮಾವನವರು ಕುಳಿತರು, ಇಳಿದರು. ಬಾಗಿಲು ಅಲುಗಲಿಲ್ಲ. ಗಾಲಿಕುರ್ಚಿ ಡಿಕ್ಕಿಯಲ್ಲಿ ಅಡ್ಡಲಾಗಿ ಕುಳಿತಿತು.

ಕಾರವಾರದ ನೆಂಟರೊಬ್ಬರೂ ತಮ್ಮ ಕಾರನ್ನು ಅಗ್ಗಕ್ಕೆ ಕೊಡುತ್ತೇವೆ ಎಂದಿದ್ದರು. ಪ್ರೀತಿಯಿಂದ ಹೇಳಿದ್ದು, ಆದರೆ ಕೆಎ 30ರ ಗಾಡಿಯನ್ನು ಇಲ್ಲಿಗೆ ತರಬೇಕಾದರೆ ಅಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಬೇಕು, ಮಹಾರಾಷ್ಟ್ರದ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು, ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ಅವಧಿಯದ್ದನ್ನು ಅರ್ಜಿ ಹಾಕಿ ವಾಪಸು ಪಡೆಯಬೇಕು. ಅಗ್ಗದ ಲಾಭ ಅಲ್ಲೇ ಕರಗುತ್ತದೆ. ಸಮುದ್ರದ ಗಾಳಿಗೆ ತಳಭಾಗ ಎಷ್ಟು ತುಕ್ಕು ಹಿಡಿದಿದೆಯೋ ಇಲ್ಲಿ ಕುಳಿತು ತಿಳಿಯುವುದೂ ಇಲ್ಲ. ನಯವಾಗಿಯೇ ಬೇಡವೆಂದೆ.

ಶಿಕ್ಷಕಿಯ ಕಾರಿಗೆ ಒಂದೇ ತೊಡಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಅಂದರೆ ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇದೆ. ಬ್ಯಾಂಕಿನ ಪತ್ರವೂ ಫಾರ್ಮ್ 35ರ ಸಹಿಯೂ ಆದರೆ ಅದು ಅಳಿಯುತ್ತದೆ. ಮಾಲೀಕತ್ವದ ವರ್ಗಾವಣೆಗೆ ಫಾರ್ಮ್ 29 ಮತ್ತು 30. ವರ್ಗಾವಣೆ ಆಗುವ ತನಕ ಅಪಘಾತದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಇದನ್ನು ತಿಳಿಸಿದಾಗ ಆಕೆಯೇ, ‘ಹಾಗಾದರೆ ನಾನೂ ನಿಮ್ಮ ಜೊತೆ ಆರ್‌ಟಿಒಗೆ ಬರುತ್ತೇನೆ’ ಎಂದರು. ಇ-ಚಲನ್ ಬಾಕಿ ಇಲ್ಲ, ಅಲ್ಲೇ ಮೊಬೈಲಿನಲ್ಲಿ ನೋಡಿದೆವು.

ಬ್ಯಾಂಕಿನ ಪತ್ರಕ್ಕಾಗಿ ಅವರು ನಾಳೆ ಹೋಗುತ್ತಾರೆ. ನಾನು ಸೊಸೈಟಿ ಕಚೇರಿಗೆ ಪಾರ್ಕಿಂಗ್ ಪತ್ರ ಕೊಡಬೇಕು. ಎರಡೂ ಕೆಲಸ ಆದ ಮೇಲೆಯೇ ಮುಂಗಡ ಕೊಡುವುದೆಂದು ಮಾತಾಗಿದೆ. ಮಂಗಳವಾರದ ಡಯಾಲಿಸಿಸ್‌ಗೆ ಪರಿಚಯದ ಟ್ಯಾಕ್ಸಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ.