ವಾಲ್ವ್ ಮುಚ್ಚುವ ಮೊದಲು

ಕುಡಿಯುವ ನೀರಿಗೆ ವಿಷ ಬೆರೆಸುವವರ ಬಗ್ಗೆ ನಮಗೆ ತರಬೇತಿ ಶಿಬಿರಗಳ ಕೊರತೆಯಿಲ್ಲ. ಜಲಾಗಾರದ ಬೀಗದ ಕೀಲಿ ಯಾರ ಬಳಿ ಇದೆ ಎಂದು ಕೇಳಿದರೆ ಮಾತ್ರ ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ.

ಶಿಫ್ಟ್ ಬದಲಾದ ಹೊತ್ತಿನಲ್ಲಿ, ನೀರು ಸರಬರಾಜಿನ ಕಂಟ್ರೋಲ್ ರೂಮಿನಲ್ಲಿದ್ದ ನನಗೆ ಜಲಾಗಾರದ ಹ್ಯಾಚ್ (ಮೇಲಿನ ಮುಚ್ಚಳ) ತೆರೆದಿದೆ ಎಂಬ ಅಲಾರಂ ಬಂದಿತು. ಜೋರು ಗಾಳಿಗೂ ಬರುವ ಅಲಾರಂ ಅದು. ವಾಲ್ವ್‌ಮನ್‌ಗೆ ಹೋಗಿ ನೋಡುವಂತೆ ಹೇಳಿ ಸುಮ್ಮನಾದೆ. ಅಷ್ಟರಲ್ಲಿ ದೂರದ ಅಳತೆಗಳನ್ನು ತೋರಿಸುವ ಸ್ಕಾಡಾ ಪರದೆಯಲ್ಲಿ ಔಟ್‌ಲೆಟ್‌ನ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂನಿಂದ ಇಳಿಯತೊಡಗಿತು. 0.4, 0.3, 0.1. ಫೋನಿನಲ್ಲಿ ವಾಲ್ವ್‌ಮನ್, "ಸರ್, ಬೀಗ ಕತ್ತರಿಸಿದ್ದಾರೆ" ಎಂದ. ನೀರಿಗೆ ಕೊಳಕು ಬಿದ್ದರೆ ಕ್ಲೋರಿನ್ ಹೀಗೆಯೇ ಖರ್ಚಾಗುತ್ತದೆ. ಬೇರೆ ಯಾವ ಸಾಧ್ಯತೆಯೂ ತಲೆಗೆ ಹೊಳೆಯಲಿಲ್ಲ. ಔಟ್‌ಲೆಟ್ ವಾಲ್ವನ್ನು ಪೂರ್ತಿ ಮುಚ್ಚಿಬಿಟ್ಟೆ. ಒಂದು ಕ್ಷಣ, ಊರನ್ನೇ ಉಳಿಸಿದೆ ಎಂಬ ಭಾವ ಕೂಡ ಬಂದಿತು ಎಂದರೆ ನಗಬೇಡಿ.

ಮತ್ತೆ ಅವನದೇ ಕರೆ. "ಸರ್, ಕೆಳವಲಯದ ಪ್ರೆಶರ್ ನೋಡಿದಿರಾ? ಬೈಪಾಸ್ ತೆರೆದಿದ್ದೀರಾ?"

ತೆರೆದಿರಲಿಲ್ಲ. ಪ್ರೆಶರ್ ಗ್ರಾಫ್ ನೆಲಕ್ಕೆ ಇಳಿದಿತ್ತು. ಕೊಳವೆಯೊಳಗೆ ಒತ್ತಡ ಇರುವಷ್ಟು ಕಾಲ ಸೋರುವ ಜೋಡಣೆಗಳಿಂದ ನೀರು ಹೊರಗೆ ಹೋಗುತ್ತದೆ. ಒತ್ತಡ ಬಿದ್ದರೆ ಪಕ್ಕದ ಚರಂಡಿಯದು ಒಳಗೆ ಬರುತ್ತದೆ. ಇದನ್ನು ಹೊಸ ಹುಡುಗರಿಗೆ ನಾನೇ ಪಾಠ ಮಾಡಿದ್ದೆ. ಬೈಪಾಸ್ ತೆರೆದು ಮುಖ್ಯ ಕೊಳವೆಯಿಂದ ನೇರ ನೀರು ಕೊಟ್ಟಾಗ ಒತ್ತಡ ನಿಧಾನವಾಗಿ ಏರಿತು. ಅಷ್ಟು ಹೊತ್ತು ನಾನು ಕುರ್ಚಿಯಲ್ಲಿ ಕೂರಲಿಲ್ಲ.

ಅತ್ತ ವಾಲ್ವ್‌ಮನ್ ಜಲಾಗಾರದ ನೀರಿಗೆ ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಡಿಪಿಡಿ ಪರೀಕ್ಷಾ ಪುಡಿ ಹಾಕಿದ. ಒಳ್ಳೆಯ ಗುಲಾಬಿ ಬಣ್ಣ, ಕ್ಲೋರಿನ್ 0.5. ಲೆವೆಲ್ ಸೆನ್ಸರ್ ದುರಸ್ತಿಗೆ ಬಂದ ಗುತ್ತಿಗೆದಾರನ ಕಡೆಯವರು ಕೀಲಿ ಸಿಗದೆ ಬೀಗ ಕತ್ತರಿಸಿ, ಅನಲೈಸರ್ ಎಂಬ ಕ್ಲೋರಿನ್ ಅಳೆಯುವ ಯಂತ್ರಕ್ಕೆ ಸ್ಯಾಂಪಲ್ ನೀರು ಕೊಡುವ ನಲ್ಲಿಯನ್ನು ಮುಚ್ಚಿ, ಹ್ಯಾಚ್ ತೆರೆದಿಟ್ಟೇ ಹೋಗಿದ್ದರು. ನೀರು ಹರಿಯದ ಅನಲೈಸರ್ ತನ್ನೊಳಗೆ ಉಳಿದ ಕ್ಲೋರಿನ್ ಮುಗಿಸುತ್ತಾ ಕುಳಿತಿತ್ತು. ನೀರು ನಿಂತರೆ ಎಚ್ಚರಿಸುವ ಅದರ ಫ್ಲೋ ಸ್ವಿಚ್ ಪದೇ ಪದೇ ಕಿರಿಕಿರಿ ಮಾಡುತ್ತದೆಂದು ಯಾರೋ ಹಿಂದೆಯೇ ಅದರ ಸಂಪರ್ಕ ತಪ್ಪಿಸಿದ್ದರು. ವರ್ಕ್ ಪರ್ಮಿಟ್‌ಗೆ ಹಗಲು ಪಾಳಿ ಸಹಿ ಹಾಕಿತ್ತು, ಲಾಗ್ ಪುಸ್ತಕದಲ್ಲಿ ಅದರ ಸುಳಿವೇ ಇಲ್ಲ.

ಜಲಾಗಾರದ ನೀರಿಗೆ ಏನೂ ಆಗಿರಲಿಲ್ಲ; ಆದರೆ ಒತ್ತಡ ಬಿದ್ದ ಬೀದಿಗಳಿಗೆ ಕುದಿಸಿ ಕುಡಿಯಿರಿ ಎಂಬ ಸೂಚನೆ, ರಾತ್ರಿಯಿಡೀ ಕೊಳವೆ ತೊಳೆಯುವ ಫ್ಲಶಿಂಗ್, ಮಲದ ಕಲ್ಮಶ ತೋರಿಸುವ ಇ-ಕೋಲಿ ಪರೀಕ್ಷೆಯ ಫಲಿತಾಂಶಕ್ಕೆ ಮರುದಿನದವರೆಗೆ ಕಾಯುವ ಶಿಕ್ಷೆ. ಫಲಿತಾಂಶ ಚೆನ್ನಾಗಿಯೇ ಬಂದಿತು.

ಕೀಲಿಯ ಮಾತು ಸಣ್ಣದಲ್ಲ. 1988ರ ಜುಲೈನಲ್ಲಿ ಇಂಗ್ಲೆಂಡಿನ ಕ್ಯಾಮೆಲ್‌ಫರ್ಡ್‌ಗೆ ನೀರು ಕೊಡುವ ಘಟಕದಲ್ಲಿ ಬದಲಿ ಟ್ಯಾಂಕರ್ ಚಾಲಕನೊಬ್ಬ 20 ಟನ್ ಅಲ್ಯೂಮಿನಿಯಂ ಸಲ್ಫೇಟನ್ನು ತಪ್ಪು ತೊಟ್ಟಿಗೆ ಸುರಿದ. ಸಿಬ್ಬಂದಿ ಇಲ್ಲದ ಆ ಘಟಕದಲ್ಲಿ ಅವನ ಕೈಯಲ್ಲಿದ್ದ ಒಂದೇ ಕೀಲಿ ಹಲವು ಬೀಗಗಳಿಗೆ ಹೊಂದುತ್ತಿತ್ತು. ಶತ್ರುವೇ ಬೇಕಾಗಲಿಲ್ಲ.

ನಮ್ಮಲ್ಲಿ ಘಟನೆಯ ನಂತರ ಜಲಾಗಾರಕ್ಕೆ ಕ್ಯಾಮೆರಾಗಳು ಬಹುಬೇಗ ಬಂದವು. ಔಟ್‌ಲೆಟ್ ಮುಚ್ಚುವ ಮೊದಲು ಬೈಪಾಸ್ ತೆರೆಯಬೇಕು, ಕೈಯಿಂದ ಒಂದು ಸ್ಯಾಂಪಲ್ ತೆಗೆಯಬೇಕು ಎಂಬ ಎರಡು ಸಾಲನ್ನು ಕೆಲಸದ ಲಿಖಿತ ಕ್ರಮವಾದ ಎಸ್‌ಒಪಿಗೆ ಸೇರಿಸಲು ತಿಂಗಳುಗಟ್ಟಲೆ ಸಹಿಗಾಗಿ ಅಲೆಯಬೇಕಾಯಿತು. ಫ್ಲೋ ಸ್ವಿಚ್‌ನ ಖರೀದಿ ಕಡತ ಇನ್ನೂ ಲೆಕ್ಕಪತ್ರ ವಿಭಾಗದಲ್ಲೇ ಇದೆ.